ಹತ್ತು ನಿಮಿಷದ ಲೆಕ್ಕ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ 42 ಜನರ ಲೈನಿಗೆ ನಾನು ಸೂಪರ್‌ವೈಸರ್. ಅದಕ್ಕೂ ಮೊದಲು ಆರು ವರ್ಷ ಅದೇ ಲೈನಿನಲ್ಲಿ ಬಾರ್‌ಟ್ಯಾಕ್ ಯಂತ್ರದ ಮುಂದೆ ಕುಳಿತು ಬೆಲ್ಟ್ ಲೂಪ್ ಕೂರಿಸಿದವಳು. ಬೆಳಿಗ್ಗೆ ಯಂತ್ರಗಳು ಶುರುವಾಗುವ ಮುನ್ನ ಹತ್ತು ನಿಮಿಷ ಎಲ್ಲರನ್ನೂ ಒಂದೆಡೆ ಸೇರಿಸಿ, ಆ ದಿನದ ಕೆಲಸಕ್ಕೆ ಅವರಲ್ಲಿ ಹುರುಪು ಹುಟ್ಟಿಸುವ ಸಭೆಯೊಂದನ್ನು ದಿನಾಲೂ ನಡೆಸಬೇಕೆಂದು ಮಾಲೀಕರು ಹೇಳಿದಾಗ, ಇವರೆಲ್ಲ ನನ್ನ ಜೊತೆಯಲ್ಲೇ ಊಟದ ಡಬ್ಬಿ ಬಿಚ್ಚಿದವರು, ಇವರ ಮುಂದೆ ಮಾತಾಡುವುದು ನನಗೇನು ಕಷ್ಟ ಎಂದುಕೊಂಡಿದ್ದೆ. ಆ ಸಭೆಯನ್ನು ಸರಿಯಾಗಿ ನಡೆಸಲು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಯಂತ್ರದ ಮುಂದಿನಿಂದ ಎದ್ದು ಮೇಲ್ವಿಚಾರಣೆಗೆ ಬರುತ್ತಿರುವ ನನ್ನಂಥ ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರಲಿ ಎಂದು ಆ ಎರಡು ವರ್ಷದ ಅನುಭವವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಶುರುವಾದದ್ದು ದೀಪಾವಳಿ ಮುಗಿದ ವಾರ. ಮಾಲೀಕರು ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಅಲ್ಲಿ ಕೊಟ್ಟಿದ್ದ ಒಂದು ಹಾಳೆಯನ್ನು ನನ್ನ ಕೈಗಿತ್ತರು. ನಾವೆಲ್ಲ ಒಂದೇ ಕುಟುಂಬ, ಗುರಿ ದೊಡ್ಡದಿರಲಿ, ಸಾಧಿಸಿಯೇ ತೀರೋಣ ಎಂಬಂಥ ಮಾತುಗಳು ಅದರಲ್ಲಿದ್ದವು. ಕೊನೆಗೆ ಎಲ್ಲರೂ ಒಟ್ಟಾಗಿ ಚಪ್ಪಾಳೆ ತಟ್ಟಬೇಕು ಎಂಬ ಸೂಚನೆಯೂ ಇತ್ತು. ನಾನು ಆ ಹಾಳೆಯನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದು, ಒಂಬತ್ತು ಗಂಟೆಗೆ ಕಟಿಂಗ್ ಟೇಬಲ್ಲಿನ ಪಕ್ಕ ನಿಂತು ಒಪ್ಪಿಸಿದೆ. ಚಪ್ಪಾಳೆಯೂ ಬಿತ್ತು. ಆದರೆ ಮಾತಾಡುತ್ತಿದ್ದಷ್ಟು ಹೊತ್ತೂ ಅವರ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿನ ಗೋಡೆಯ ಗಡಿಯಾರದ ಮೇಲಿತ್ತು. ಸಭೆ ಮುಗಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಯಂತ್ರಗಳತ್ತ ಓಡಿದ್ದನ್ನು ನೋಡಿ ಮಾಲೀಕರು ನನ್ನ ಮಾತಿಗೆ ಬಂದ ಹುರುಪು ಅದೆಂದು ಸಂತೋಷಪಟ್ಟರು. ಅದು ಕಳೆದುಹೋದ ಹೊತ್ತನ್ನು ತುಂಬಿಕೊಳ್ಳುವ ಆತುರ ಎಂಬುದು, ಆ ಓಟವನ್ನು ಆರು ವರ್ಷ ಓಡಿದ್ದ ನನಗೆ ಗೊತ್ತಿತ್ತು.

ಮೂರನೆಯ ದಿನ ನಮ್ಮ ಲೈನಿನ ಹಿರಿಯ ಟೇಲರ್ ಒಬ್ಬರು, ಕಾಲಿನ ಒಳಹೊಲಿಗೆ ಹಾಕುವ ಫೀಡ್ ಆಫ್ ದಿ ಆರ್ಮ್ ಯಂತ್ರದವರು, ಸಭೆಯ ನಡುವೆ ಕೈ ಎತ್ತಿ ಕೇಳಿದರು: “ಈ ಹತ್ತು ನಿಮಿಷದ ಪೀಸು ಯಾರ ಲೆಕ್ಕಕ್ಕ ಹೋಗ್ತಾವ್ರಿ ಮೇಡಂ?” ಅದರಲ್ಲಿ ಕೊಂಕೇನೂ ಇರಲಿಲ್ಲ. ನಮ್ಮ ಲೈನಿನಲ್ಲಿ ಹೆಲ್ಪರ್‌ಗಳು ಮತ್ತು ಚೆಕ್ಕರ್‌ಗಳನ್ನು ಬಿಟ್ಟರೆ ಉಳಿದವರಿಗೆಲ್ಲ ಪೀಸ್ ರೇಟ್, ಹೊಲಿದಷ್ಟಕ್ಕೆ ಕೂಲಿ. ದಿನಕ್ಕೆ 8 ಗಂಟೆಯ ಕೆಲಸದಲ್ಲಿ 450 ಪ್ಯಾಂಟು ಲೈನಿನ ಗುರಿ, ಅಂದರೆ ಸರಾಸರಿ 64 ಸೆಕೆಂಡಿಗೊಂದು ಪ್ಯಾಂಟು ಲೈನಿನ ತುದಿಯಿಂದ ಹೊರಬೀಳಬೇಕು. ಹತ್ತು ನಿಮಿಷ ನಿಲ್ಲಿಸಿದರೆ ಪ್ರತಿಯೊಬ್ಬ ಟೇಲರ್‌ನ ಕೈಯಿಂದ ಒಂಬತ್ತು ಪೀಸಿನ ಕೂಲಿ ಹೋಗುತ್ತದೆ. ಅವರ ಜೇಬಿಗೆ ಕೈಹಾಕಿ ತೆಗೆದ ಹೊತ್ತಿನಲ್ಲಿ ನಿಂತು, ನಾವೆಲ್ಲ ಒಂದೇ ಕುಟುಂಬ ಎಂದು ನಾನು ಹೇಳುತ್ತಿದ್ದೆ. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಕೇಳಿಕೊಂಡು ಬಂದು ಹೇಳುತ್ತೇನೆ ಎಂದಷ್ಟೇ ಹೇಳಿದೆ. ಹಾಳೆಯಲ್ಲಿ ಇಲ್ಲದ, ನನ್ನದೇ ಆದ ಮೊದಲ ಮಾತು ಅದು.

ಮಾಲೀಕರ ಬಳಿ ಹೋಗುವ ಮೊದಲು ಒಂದು ವಾರ ಆಲ್ಟರ್‌ಗೆ ವಾಪಸಾಗುವ ಪೀಸುಗಳನ್ನು ಎಣಿಸಿದೆ. ದಿನಕ್ಕೆ ಸುಮಾರು 60 ಪ್ಯಾಂಟು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದಕ್ಕೆ ಬರುತ್ತಿದ್ದವು. ಒಂದೊಂದಕ್ಕೆ ಕಡಿಮೆಯೆಂದರೂ ಏಳು ನಿಮಿಷ. ಅಂದರೆ 420 ನಿಮಿಷ. ಸಭೆಗೆ 42 ಜನರ ಹತ್ತು ನಿಮಿಷ ಕೊಟ್ಟರೆ ಅದೂ 420 ನಿಮಿಷವೇ. ಈ ಎರಡು ಲೆಕ್ಕವನ್ನು ಒಂದೇ ಚೀಟಿಯಲ್ಲಿ ಬರೆದು ಅವರ ಮುಂದಿಟ್ಟು, ಸಭೆಯ ಹೊತ್ತಿಗೆ ಎಲ್ಲರಿಗೂ ಅವರವರ ಸರಾಸರಿ ಪೀಸಿನ ಕೂಲಿಯನ್ನು ಕಟ್ಟಿಕೊಡಿ, ಆಲ್ಟರ್ ಅರ್ಧಕ್ಕೆ ಇಳಿಯದಿದ್ದರೆ ಸಭೆಯನ್ನೇ ನಿಲ್ಲಿಸೋಣ ಎಂದೆ. ಅವರು ಎರಡು ದಿನ ಯೋಚಿಸಿ ಒಂದು ತಿಂಗಳ ಮಟ್ಟಿಗೆ ಒಪ್ಪಿದರು. ಕೂಲಿ ಕೊಡದೆ ನಿಲ್ಲಿಸಿಕೊಂಡವರಲ್ಲಿ ಯಾವ ಮಾತಿನಿಂದಲೂ ಉತ್ಸಾಹ ತುಂಬಲಾಗದು ಎಂಬುದನ್ನು ನಾನು ಇವತ್ತಿಗೂ ಗಟ್ಟಿಯಾಗಿ ಹೇಳುತ್ತೇನೆ. ಬೆಳಗಿನ ಸಭೆಯನ್ನು ಶುರು ಮಾಡಬೇಕೆಂದು ಯಾರಾದರೂ ನನ್ನನ್ನು ವಿಚಾರಿಸಿದರೆ, ಆ ಹೊತ್ತಿನ ದುಡ್ಡು ಯಾರು ಕೊಡುತ್ತಾರೆ ಎಂದೇ ನಾನು ಮೊದಲು ಕೇಳುವುದು.

ಆಮೇಲಿನ ತೊಡಕು ಭಾಷೆಯದು. ನಮ್ಮಲ್ಲಿ ಕೌಲ್ ಬಜಾರಿನಿಂದ ಬರುವ ಉರ್ದು ಮಾತಿನವರಿದ್ದಾರೆ, ಗಡಿಯಾಚೆ ರಾಯದುರ್ಗದ ಕಡೆಯಿಂದ ಬಂದು ನೆಲೆಸಿದ ತೆಲುಗಿನವರಿದ್ದಾರೆ, ಸುತ್ತಲ ಹಳ್ಳಿಗಳ ಕನ್ನಡದವರಿದ್ದಾರೆ. ಬಜಾರದ ಮಾತು ಎಲ್ಲರಿಗೂ ಬರುತ್ತದೆ, ಆದರೆ ಹೊಲಿಗೆಯ ಸೂಕ್ಷ್ಮವನ್ನು ಅವರವರು ಅವರವರ ಭಾಷೆಯಲ್ಲೇ ಯೋಚಿಸುತ್ತಾರೆ. ನಾನು ಬೋರ್ಡಿನ ಮೇಲೆ ಅಂಕಿ ಬರೆಯುವುದನ್ನು ಕಡಿಮೆ ಮಾಡಿ, ಹಗ್ಗ ಕಟ್ಟಿ ಅದರ ಮೇಲೆ ಎರಡು ಪ್ಯಾಂಟು ತೂಗುಹಾಕತೊಡಗಿದೆ: ಒಂದು ಚೆನ್ನಾಗಿ ಬಂದದ್ದು, ಇನ್ನೊಂದು ಹಿಂದಿನ ದಿನ ವಾಪಸಾದದ್ದು. ಯೋಕಿನ, ಅಂದರೆ ಪ್ಯಾಂಟಿನ ಹಿಂಬದಿ ಸೊಂಟಪಟ್ಟಿಯ ಕೆಳಗೆ ಕೂಡಿಸುವ ತುಂಡಿನ, ಗೆರೆ ಎಡಕ್ಕೂ ಬಲಕ್ಕೂ ಒಂದೇ ಮಟ್ಟದಲ್ಲಿ ಕೂಡಿಲ್ಲ ಎಂಬುದನ್ನು ಯಾವ ಭಾಷೆಯಲ್ಲೂ ಹೇಳಬೇಕಾಗಿಲ್ಲ. ಬೆರಳಿಟ್ಟು ತೋರಿಸಿದರೆ ಸಾಕು. ಜನ ಗೋಡೆಯ ಗಡಿಯಾರ ಬಿಟ್ಟು ಪ್ಯಾಂಟು ನೋಡತೊಡಗಿದ್ದು ಆಗಿನಿಂದ.

ಆದರೆ ಆ ಎರಡನೆಯ ಪ್ಯಾಂಟಿನಿಂದಲೇ ನನ್ನಿಂದ ದೊಡ್ಡ ತಪ್ಪೂ ನಡೆದುಹೋಯಿತು. ವಾಶಿಂಗ್ ಘಟಕದಿಂದ ಒಂದು ಲಾಟು ದೂರು ಹೊತ್ತು ಬಂತು. ಕಾಲಿನ ಒಳಹೊಲಿಗೆಯು ಎರಡೂ ಕಾಲು ಕೂಡುವ ಜಾಗದಲ್ಲಿ ಬಿಚ್ಚಿಕೊಂಡಿತ್ತು. ಆ ಜಾಗದಲ್ಲಿ ಮಡಿಕೆಯ ಮೇಲೆ ಮಡಿಕೆ ಕೂಡಿ ಎಂಟು–ಹತ್ತು ಪದರ ಡೆನಿಮ್ ಒಟ್ಟಾಗುತ್ತದೆ. ಸೂಜಿ ಅದನ್ನು ದಾಟುವಾಗ ಒಂದು ಕುಣಿಕೆ ತಪ್ಪಿದರೂ ಅದು ಸರಪಳಿ ಹೊಲಿಗೆಯಾದ್ದರಿಂದ ತುದಿಯಿಂದ ತುದಿಯವರೆಗೆ ಎಳೆದುಕೊಂಡು ಬಿಚ್ಚುತ್ತದೆ. ಹೊಲಿದ ದಿನ ಅದು ಕಾಣುವುದಿಲ್ಲ, ಕಲ್ಲಿನೊಂದಿಗೆ ತಿರುಗುವ ವಾಶಿಂಗ್ ಡ್ರಮ್ಮಿನಲ್ಲಿ ಬಯಲಾಗುತ್ತದೆ. ನಾನು ತುಂಡುಗಳ ಕಟ್ಟಿನ ಜೊತೆ ಬರುವ ಬಂಡಲ್ ಚೀಟಿ ನೋಡಿ, ಹೊಲಿದದ್ದು ಯಾರೆಂದು ಪತ್ತೆಹಚ್ಚಿ, ಮರುದಿನ ಸಭೆಯಲ್ಲಿ ಪ್ಯಾಂಟು ತೂಗುಹಾಕಿ ಆ ಹುಡುಗಿಯ ಹೆಸರು ಹೇಳಿದೆ. ಬಯ್ಯಲಿಲ್ಲ, ಮೆತ್ತಗೇ ಹೇಳಿದೆ. ಅವಳು ತಲೆ ತಗ್ಗಿಸಿ ನಿಂತಳು. ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಮುಂದಿನ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಆ ಎರಡು ದಿನವೂ ಸಭೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಹೂಂ ಎಂದರು, ಅಷ್ಟೇ.

ಮೂರನೆಯ ದಿನ ಸಂಜೆ ನಾನೇ ಅವಳ ಮನೆಗೆ ಹೋದೆ. ಅಲ್ಲಿ ಅವಳು ಹೇಳಿದ್ದನ್ನು ನಾನು ಸಭೆಯಲ್ಲಿ ಕೇಳಿಸಿಕೊಳ್ಳಬೇಕಿತ್ತು. ಸೂಜಿ ಮೊಂಡಾಗಿತ್ತು. ನಮ್ಮಲ್ಲಿ ಹೊಸ ಸೂಜಿ ಬೇಕೆಂದರೆ ಹಳೆಯದನ್ನು, ಮುರಿದಿದ್ದರೆ ಮುರಿದ ಚೂರುಗಳನ್ನೆಲ್ಲ ಹುಡುಕಿ ಕೂಡಿಸಿ, ಸ್ಟೋರಿನಲ್ಲಿ ಒಪ್ಪಿಸಿ ಪುಸ್ತಕದಲ್ಲಿ ಬರೆಸಬೇಕು. ತೊಟ್ಟವರ ಮೈಗೆ ಸೂಜಿಯ ಚೂರು ಚುಚ್ಚಬಾರದು ಎಂಬುದಕ್ಕಾಗಿ ಇರುವ ಆ ನಿಯಮ ಸರಿಯಾದದ್ದೇ. ಆದರೆ ಸ್ಟೋರಿನ ಬಾಗಿಲು ತೆರೆಯುತ್ತಿದ್ದುದು ಹತ್ತು ಗಂಟೆಗೆ, ಲೈನು ಶುರುವಾಗುತ್ತಿದ್ದುದು ಒಂಬತ್ತಕ್ಕೆ. ಪೀಸ್ ರೇಟಿನ ಹುಡುಗಿ ಒಂದು ಗಂಟೆ ಕೈಕಟ್ಟಿ ಕೂರುವುದುಂಟೆ? ಅದೇ ಮೊಂಡು ಸೂಜಿಯಲ್ಲಿ ಹೊಲಿದಳು. ಈ ಸಂಗತಿ ಲೈನಿನ ಎಲ್ಲ ಟೇಲರ್‌ಗಳಿಗೂ ಗೊತ್ತಿತ್ತು, ಎಷ್ಟೋ ವರ್ಷದಿಂದ ಗೊತ್ತಿತ್ತು. ಬಾರ್‌ಟ್ಯಾಕಿನ ಮುಂದೆ ಕುಳಿತಿದ್ದಾಗ ನನಗೂ ಗೊತ್ತಿತ್ತು. ಮೇಲ್ವಿಚಾರಣೆಗೆ ಬಂದ ಮೇಲೆ ಅದು ನನ್ನ ನೆನಪಿನಿಂದ ಜಾರಿಹೋದದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಮರುದಿನ ಸಭೆಯಲ್ಲಿ ನಾನು ಮೊದಲು ಅವಳ ಕ್ಷಮೆ ಕೇಳಿದೆ. ಹೆಸರು ಹೇಳಿದ್ದು ಎಲ್ಲರ ಮುಂದೆಯಾದ್ದರಿಂದ ಕ್ಷಮೆಯೂ ಎಲ್ಲರ ಮುಂದೆಯೇ ಆಗಬೇಕಿತ್ತು. ಆಮೇಲೆ ಸೂಜಿಯ ಮಾತು ಎತ್ತಿದೆ. ಅಷ್ಟು ದಿನ ಸುಮ್ಮನಿದ್ದ ಲೈನು ಒಮ್ಮೆಲೇ ಮಾತಾಡತೊಡಗಿತು. ಮೆಕ್ಯಾನಿಕ್‌ನ ಬಳಿಯೇ ಒಂದು ಡಬ್ಬಿಯಲ್ಲಿ 16 ಮತ್ತು 18ನೇ ನಂಬರಿನ ಸೂಜಿಗಳನ್ನು ಇಟ್ಟು, ಅವನೇ ಹಳೆಯದನ್ನು ಪಡೆದು ಪುಸ್ತಕದಲ್ಲಿ ಬರೆದುಕೊಂಡರೆ ನಿಯಮವೂ ಮುರಿಯುವುದಿಲ್ಲ, ಹೊತ್ತೂ ಹೋಗುವುದಿಲ್ಲ ಎಂದು ಹೇಳಿದವರು ಅದೇ ಹಿರಿಯ ಟೇಲರ್. ಮಧ್ಯಾಹ್ನದೊಳಗೆ ಮಾಲೀಕರಿಂದ ಒಪ್ಪಿಗೆ ಪಡೆದೆ. ಮಾರನೆಯ ಬೆಳಿಗ್ಗೆ ಸಭೆಗೆ ಬರುವಾಗ ನನ್ನ ಕೈಯಲ್ಲಿ ಹಾಳೆ ಇರಲಿಲ್ಲ, ಸೂಜಿಯ ಡಬ್ಬಿ ಇತ್ತು. ಅದನ್ನು ತೆರೆದು ತೋರಿಸಿದೆ. ಭಾಷಣ ಮಾಡಲಿಲ್ಲ, ಸಭೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಅವತ್ತು ಅವರು ಯಂತ್ರಗಳತ್ತ ನಡೆದುಕೊಂಡೇ ಹೋದರು.

ತಿಂಗಳ ಕೊನೆಗೆ ಆಲ್ಟರ್ ದಿನಕ್ಕೆ 60ರಿಂದ 26ಕ್ಕೆ ಇಳಿದಿತ್ತು. ಸಭೆಯ ಕೂಲಿ ಖಾಯಮ್ಮಾಯಿತು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ‘ಹೇಳಿದ್ದು’, ಬಲಗಡೆ ‘ಆದದ್ದು’. ಸಭೆ ಶುರುವಾಗುವುದೇ ಹಿಂದಿನ ದಿನದ ಬಲಗಡೆಯಿಂದ: ನಿನ್ನೆ ನೀವು ಹೇಳಿದ್ದು ಇದು, ಆದದ್ದು ಇದು, ಆಗದೇ ಇರುವುದು ಇದು ಮತ್ತು ಏಕೆ ಆಗಲಿಲ್ಲ ಎಂಬುದು. ಅದಾದ ಮೇಲೆ ತೂಗುಹಾಕಿದ ಪ್ಯಾಂಟು. ಪ್ಯಾಂಟಿನ ಬಳಿ ನಿಂತಾಗ ಯಾರು ಹೊಲಿದರು ಎಂದು ನಾನು ಕೇಳುವುದಿಲ್ಲ. ಈ ಹೊಲಿಗೆ ಹೀಗೆ ಬರಲು ಯಂತ್ರದಲ್ಲಿ, ದಾರದಲ್ಲಿ, ಬಂಡಲಿನಲ್ಲಿ ಏನೇನು ಕಾರಣವಿರಬಹುದು ಎಂದು ಕೇಳುತ್ತೇನೆ. ಹೀಗೆ ಕೇಳತೊಡಗಿದ ಮೇಲೆ, ಹೊಲಿದವರೇ ಮುಂದೆ ಬಂದು, ಅದು ನನ್ನದು ಅಕ್ಕಾ, ದಾರ ಬಿಗಿ ಇತ್ತು ಎನ್ನುವುದು ರೂಢಿಯಾಯಿತು. ಕೊನೆಗೆ ಆ ದಿನದ ಗುರಿ. ಮೊದಲು ನಾನು ಗುರಿಯಿಂದಲೇ ಶುರು ಮಾಡುತ್ತಿದ್ದೆ. ಈಗ ಅದನ್ನು ಹೇಳಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ನೋಟ್‌ಬುಕ್ಕಿನ ಬಲಗಡೆ ಖಾಲಿ ಇರುವ ದಿನಗಳೇ ಕಷ್ಟದವು. ಬಳ್ಳಾರಿಯ ಬಿಸಿಲನ್ನು ಇಲ್ಲಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಹೊರಗೆ 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಕೆಳಗೆ ಇಸ್ತ್ರಿಯ ಹಬೆಯೂ ಸೇರಿದರೆ ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ಕತ್ತಲಿಡುತ್ತದೆ. ಇಸ್ತ್ರಿ ವಿಭಾಗದ ಬಿಸಿಗಾಳಿ ಲೈನಿನ ಮೇಲೆ ಬರದಂತೆ ಗೋಡೆಗೆ ಎರಡು ಎಕ್ಸಾಸ್ಟ್ ಫ್ಯಾನ್ ಬೇಕೆಂದು ಏಪ್ರಿಲ್ ಮೊದಲ ವಾರದಲ್ಲಿ ಕೇಳಿದರು. ನ್ಯಾಯವಾದ ಬೇಡಿಕೆ, 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಕಲಂ ಕೆಲಸದ ಜಾಗದಲ್ಲಿ ಗಾಳಿಯಾಡುವಿಕೆ ಮತ್ತು ಉಷ್ಣತೆಯ ಬಗ್ಗೆಯೇ ಇತ್ತು. ಮಾಲೀಕರು ಇಲ್ಲ ಎನ್ನಲಿಲ್ಲ, ಹಣ ಬಿಡುಗಡೆ ಮಾಡುವುದನ್ನು ಮುಂದೂಡುತ್ತಾ ಹೋದರು. ಒಮ್ಮೆ ಪಾರ್ಟಿಯಿಂದ ಪೇಮೆಂಟ್ ಬಂದಿಲ್ಲವೆಂದರು, ಇನ್ನೊಮ್ಮೆ ಎಲೆಕ್ಟ್ರಿಷಿಯನ್ ಊರಲ್ಲಿಲ್ಲವೆಂದರು. ಹತ್ತೊಂಬತ್ತು ದಿನ ನಾನು ಅದೇ ಜನರ ಮುಂದೆ ನಿಂತು, ಫ್ಯಾನು ಇವತ್ತೂ ಆಗಿಲ್ಲ, ನಿನ್ನೆ ಕೇಳಿದಾಗ ಅವರು ಹೇಳಿದ್ದು ಇದು ಎಂದು ಹೇಳಿದೆ. ಐದಾರು ದಿನವಾದ ಮೇಲೆ ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗಿಬಿಡೋಣ ಎಂದು ಮನಸ್ಸು ಬಹಳ ಎಳೆಯಿತು; ಯಾರೂ ಕೇಳುತ್ತಲೂ ಇರಲಿಲ್ಲ. ಆದರೂ ಬಿಡಲಿಲ್ಲ. ಹದಿನಾಲ್ಕನೆಯ ದಿನ ಮಾಲೀಕರನ್ನೇ ಸಭೆಗೆ ಕರೆದೆ, ಹೇಳಬೇಕಾದ ಮಾತನ್ನು ಅವರೇ ಹೇಳಲಿ ಎಂದು. ಆ ಬಿಸಿಯಲ್ಲಿ ಹತ್ತು ನಿಮಿಷ ನಿಂತು ಹೋದ ಅವರು ಆ ವಾರವೇ ಫ್ಯಾನಿಗೆ ಮುಂಗಡ ಕೊಟ್ಟರು. ಫ್ಯಾನು ತಿರುಗಿದ ದಿನ ಯಾರೂ ಹೇಳದೆಯೇ ಚಪ್ಪಾಳೆ ಬಿತ್ತು.

ಹೊಗಳಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ವಾರದಲ್ಲಿ ಅತಿ ಹೆಚ್ಚು ಪೀಸು ಹೊಲಿದವರ ಹೆಸರು ಕರೆದು ಒಂದು ಉಡುಗೊರೆ ಕೊಡುವ ಪದ್ಧತಿಯನ್ನು ಕೆಲವು ತಿಂಗಳು ನಡೆಸಿ ನಿಲ್ಲಿಸಿದೆ. ಗೆಲ್ಲುತ್ತಿದ್ದವರು ಅದೇ ಮೂವರು. ಮೇಲಾಗಿ, ವೇಗದ ಕೈಯವರು ಬಂಡಲ್‌ಗಳನ್ನು ತಮ್ಮ ಕಡೆ ಎಳೆದುಕೊಳ್ಳುವ ಜಗಳ ಶುರುವಾಯಿತು. ಅದರ ಬದಲಿಗೆ ಹಿಂದಿನ ದಿನ ಕಣ್ಣಿಗೆ ಬಿದ್ದ ಒಂದೇ ಒಂದು ಕೆಲಸವನ್ನು, ಅದು ಏನಾಯಿತು ಎಂಬುದರ ಸಮೇತ ಹೇಳುತ್ತೇನೆ. ಒಮ್ಮೆ ಒಬ್ಬ ಹೆಲ್ಪರ್ ಅಮ್ಮ, ಎಡಗಾಲಿನ ತುಂಡಿಗೂ ಬಲಗಾಲಿನ ತುಂಡಿಗೂ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ ಕಂಡು ಬಂಡಲನ್ನೇ ತಡೆದಿದ್ದರು. ಬೇರೆ ಬೇರೆ ಥಾನಿನ ಬಟ್ಟೆಯ ತುಂಡುಗಳ ನಂಬರ್ ಚೀಟಿ ಅದಲುಬದಲಾಗಿತ್ತು. ಹೊಲಿದು ವಾಶಿಂಗಿಗೆ ಹೋಗಿದ್ದರೆ ಆ ಬಂಡಲಿನ ಪ್ಯಾಂಟುಗಳೆಲ್ಲ ಎರಡು ಬಣ್ಣದ ಕಾಲಿನವಾಗಿ ಹೊರಬರುತ್ತಿದ್ದವು. ಇದನ್ನು ಎಲ್ಲರ ಮುಂದೆ ವಿವರಿಸಿದಾಗ, ಬಂಡಲ್ ಕಟ್ಟುವ ಕೆಲಸಕ್ಕೂ ಕಣ್ಣು ಬೇಕು ಎಂಬುದು ಟೇಲರ್‌ಗಳಿಗೂ ತಿಳಿಯಿತು, ಆ ಅಮ್ಮನಿಗೂ ತಿಳಿಯಿತು. ಚೆನ್ನಾಗಿ ಕೆಲಸ ಮಾಡಿದ್ದೀರಿ ಎಂದು ಎಲ್ಲರಿಗೂ ಸೇರಿಸಿ ಹೇಳುವ ಮಾತನ್ನು ನಾನು ಬಿಟ್ಟೇಬಿಟ್ಟಿದ್ದೇನೆ.

ಬುಧವಾರದ ಸಭೆ ನನ್ನದಲ್ಲ. ಅವತ್ತು ಲೈನಿನವರಲ್ಲಿ ಒಬ್ಬರು ತಮ್ಮ ಕೈಕೆಲಸದ ಒಂದು ಗುಟ್ಟನ್ನು ತೋರಿಸಬೇಕು, ಯಾವ ಭಾಷೆಯಲ್ಲಾದರೂ ಸರಿ. ಮೊದಲ ಬುಧವಾರ ಹಿರಿಯ ಟೇಲರ್ ಬಂದರು. ಎರಡು ಕಾಲು ಕೂಡುವ ಜಾಗ ಬರುತ್ತಿದ್ದಂತೆ ವೇಗ ಇಳಿಸಿ, ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿಕೊಂಡು, ಬಟ್ಟೆಯನ್ನು ಎಳೆಯದೆ ಯಂತ್ರವೇ ಒಯ್ಯುವಂತೆ ಬಿಡುವುದನ್ನು ಅವರು ಉರ್ದುವಿನಲ್ಲಿ ಹೇಳುತ್ತಾ ತೋರಿಸಿದರು. ನಾನು ಹೆಸರು ಹೇಳಿ ನೋಯಿಸಿದ್ದ ಆ ಹುಡುಗಿ ಪಕ್ಕದಲ್ಲಿ ನಿಂತು ಅದನ್ನು ತೆಲುಗಿಗೂ ಕನ್ನಡಕ್ಕೂ ತಿರುಗಿಸಿ ಹೇಳಿದಳು. ಹದಿನೇಳು ನಿಮಿಷವಾದರೂ ಯಾರೂ ಗಡಿಯಾರ ನೋಡಲಿಲ್ಲ. ನಾನು ನಡೆಸಿದ ಯಾವ ಸಭೆಯೂ ಅದರ ಸಮಕ್ಕೆ ಬಂದಿಲ್ಲ.

ಮೊದಲ ವರ್ಷದ ಮಳೆಗಾಲದಲ್ಲಿ ಆರ್ಡರ್ ಬಿದ್ದುಹೋಯಿತು. ವಾರಕ್ಕೆ ಮೂರು ದಿನ ಮಾತ್ರ ಕೆಲಸ. ಘಟಕ ಮುಚ್ಚುತ್ತಾರಂತೆ ಎಂಬ ಸುದ್ದಿ ಬೆಂಕಿಯಂತೆ ಹಬ್ಬಿತ್ತು. ಇಂಥ ಹೊತ್ತಿನಲ್ಲಿ ಧೈರ್ಯದ ಮಾತು ಹೇಳು ಎಂದು ಮಾಲೀಕರು ಸೂಚಿಸಿದರು. ಬರಿಯ ಧೈರ್ಯದ ಮಾತು ಹೇಳಲು ನನ್ನಿಂದಾಗದು, ಕೈಯಲ್ಲಿರುವ ಆರ್ಡರ್ ಎಷ್ಟು ಎಂಬುದನ್ನು ಹೇಳಲು ಅನುಮತಿ ಕೊಡಿ ಎಂದು ಬೇಡಿಕೊಂಡೆ. ಉಳಿದಿದ್ದುದು 2,700 ಪ್ಯಾಂಟು, ಅಂದರೆ ಪೂರ್ತಿ ಲೈನಿಗೆ ಆರು ದಿನದ ಕೆಲಸ, ಮೂರು ದಿನದ ವಾರಕ್ಕೆ ಹಂಚಿದರೆ ಎರಡು ವಾರ. ಆಮೇಲಿನದು ಇನ್ನೂ ಮಾತುಕತೆಯಲ್ಲಿದೆ. ಸಭೆಯಲ್ಲಿ ಅದನ್ನೇ ಹೇಳಿದೆ. ಬೇರೆ ಕಡೆ ಕೆಲಸ ಸಿಕ್ಕರೆ ಹೋಗಿ, ಆರ್ಡರ್ ಬಂದಾಗ ಮೊದಲು ನಿಮ್ಮನ್ನೇ ಕರೆಯುತ್ತೇನೆ ಎಂದೂ ಹೇಳಿದೆ. ಎಂಟು ಜನ ಹೋದರು. ಎಂಟು ಜನರ ಹೆಸರನ್ನೂ ನೋಟ್‌ಬುಕ್ಕಿನ ಎಡಗಡೆ ಬರೆದೆ. ದಸರಾಕ್ಕೆ ಮುಂಚೆ ಆರ್ಡರ್ ಬಂತು. ಕರೆದಾಗ ಆರು ಜನ ಮರಳಿದರು.

ಎರಡನೆಯ ವರ್ಷ ನನಗೆ ತಿಳಿದುಬಂದದ್ದು, ಎಲ್ಲರೆದುರು ಎಂದಿಗೂ ಹೊರಬಾರದ ಮಾತುಗಳೂ ಇವೆ ಎಂಬುದು. ಹೆಂಗಸರ ಶೌಚಾಲಯದಲ್ಲಿ ಮಧ್ಯಾಹ್ನದ ನಂತರ ನೀರು ಬರುತ್ತಿರಲಿಲ್ಲ. ಅದಕ್ಕೆಂದೇ ಹಲವರು ಬೆಳಗಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು, ಅದೂ ಈ ಬಿಸಿಲಿನಲ್ಲಿ. ಗಂಡಸರ ನಡುವೆ ನಿಂತು ಇದನ್ನು ಹೇಳುವವರು ಯಾರು? ಊಟದ ಹೊತ್ತಿನಲ್ಲಿ ಒಗ್ಗರಣೆ ಮಂಡಕ್ಕಿ ಹಂಚಿಕೊಳ್ಳುವಾಗ ಒಬ್ಬಳು ನನ್ನ ಕಿವಿಯಲ್ಲಿ ಹೇಳಿದಳು. ಈಗ ವಾರಕ್ಕೆ ಎರಡು ದಿನ ನಾನು ಹೆಂಗಸರ ಜೊತೆಯೇ ಊಟಕ್ಕೆ ಕೂರುತ್ತೇನೆ. ಅಲ್ಲಿ ಕೇಳಿದ್ದನ್ನು ಹೇಳಿದವರ ಹೆಸರಿಲ್ಲದೆ ನೋಟ್‌ಬುಕ್ಕಿನ ಎಡಗಡೆ ಬರೆದು, ಬೆಳಿಗ್ಗೆ ನನ್ನದೇ ಬೇಡಿಕೆಯೆಂಬಂತೆ ಓದುತ್ತೇನೆ. ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಇರಬೇಕು, ಅದು ಚೊಕ್ಕಟವಾಗಿರಬೇಕು ಎಂದು ಕಾನೂನೇ ಹೇಳುತ್ತದೆ ಎಂಬುದನ್ನೂ ಓದಿ ಹೇಳಿದೆ. ಗಂಡಸರು ನೆಲ ನೋಡಿದರು, ಆದರೆ ಯಾರೂ ನಗಲಿಲ್ಲ. ಮೇಲಿನ ಟ್ಯಾಂಕಿನಿಂದ ಅಲ್ಲಿಗೆ ಬೇರೆಯೇ ಪೈಪು ಎಳೆದರೆ ಆಗುತ್ತದೆ ಎಂದು ಮೆಕ್ಯಾನಿಕ್ ಲೆಕ್ಕ ಹಾಕಿಕೊಟ್ಟಿದ್ದಾನೆ, ಮಾಲೀಕರು ಪೈಪು ತರಿಸಿದ್ದಾರೆ, ಕೂರಿಸುವವರು ಇನ್ನೂ ಬಂದಿಲ್ಲ. ಇವತ್ತಿಗೆ ಹನ್ನೊಂದು ದಿನ. ನಾಳೆ ಒಂಬತ್ತು ಗಂಟೆಗೆ ಮೊದಲು ಓದಬೇಕಾದ ಸಾಲು ಅದೇ.